ಸೋಲಿಸಿದವರ ಜಗಲಿ ಮೇಲೆ ಕೂತು ಕಲಿತಿದ್ದು

2015ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಾನು 19 ವೋಟಿನಿಂದ ಸೋತೆ. ಎಣಿಕೆ ಟೇಬಲ್ಲಿನ ಮೇಲೆ ಕುಲಗೆಟ್ಟ ವೋಟುಗಳನ್ನು ಬೇರೆ ಇಟ್ಟಿದ್ದರು. 31 ಇದ್ದವು. ಸುಮಾರು ಚೀಟಿಗಳಲ್ಲಿ ಸೀಲು ಬಿದ್ದಿದ್ದು ನನ್ನ ಚಿಹ್ನೆಯಾದ ಹೊಲಿಗೆ ಯಂತ್ರಕ್ಕೂ ಅದರ ಕೆಳಗಿನ ಚಿಹ್ನೆಗೂ ನಡುವಿನ ಗೆರೆ ಮೇಲೆ. ಕೆಲವರು ಮೂರು ಕಡೆ ಒತ್ತಿದ್ದರು. ನಮ್ಮದು ಎರಡು ಸೀಟಿನ ವಾರ್ಡು, ಒಬ್ಬರಿಗೆ ಎರಡೇ ವೋಟು.

ಗೆದ್ದವರಲ್ಲಿ ಒಬ್ಬರು ಪಕ್ಕದ ಬೀದಿಯ ಅಕ್ಕ. ದುಡ್ಡು ಹಂಚಿ ಗೆದ್ದರು ಅಂತ ನಮ್ಮ ಹುಡುಗರು ಹೇಳುತ್ತಿದ್ದರು. ಅದನ್ನೇ ನಂಬಿಕೊಂಡು ಕೂತಿದ್ದರೆ ನನ್ನ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. 'ಅಕ್ಕಾ, ಹೇಗೆ ಮಾಡಿದ್ರಿ?' ಅಂತ ನೇರವಾಗಿ ಕೇಳಿದೆ.

ಅವರು ಒಳಗಿನಿಂದ ಮತದಾರರ ಪಟ್ಟಿ ತಂದು ಜಗಲಿ ಮೇಲೆ ಹರಡಿದರು. ಪ್ರತಿ ಹೆಸರಿನ ಪಕ್ಕ ಪೆನ್ಸಿಲ್ ಬರಹ. ಯಾರು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದಾರೆ, ಯಾರ ಸಂಧ್ಯಾ ಸುರಕ್ಷಾ (ವೃದ್ಧಾಪ್ಯ ಪಿಂಚಣಿ) ಅರ್ಜಿ ತಾಲ್ಲೂಕು ಕಚೇರಿಯಲ್ಲಿ ನಿಂತಿದೆ, ಯಾರಿಗೆ ಕಣ್ಣು ಮಂಜು. ನನ್ನ ಹತ್ತಿರವೂ ಅದೇ ಪಟ್ಟಿ ಇತ್ತು. ಅದರಲ್ಲಿ 'ನಮ್ಮೋರು', 'ಅವರೋರು' ಅಂತ ಎರಡೇ ಗುರುತು.

'ನೀನು ಅವರೋರು ಅಂತ ಬರೆದ ಮನೆಗೆ ಕಾಲೇ ಇಡಲಿಲ್ಲ ಕಣಪ್ಪ' ಅಂದರು. 'ನಾನು ನಿಮ್ಮ ಬೀದಿಗೂ ಬಂದೆ. ಒಂದು ವೋಟು ನಿಮ್ಮ ಹುಡುಗನಿಗೆ ಹಾಕಿ, ಇನ್ನೊಂದು ನನಗೆ ಕೊಡಿ ಅಂದೆ.' ಮನೆಗೆ ಬಂದು ನಮ್ಮ ದೊಡ್ಡಮ್ಮನನ್ನು ಕೇಳಿದೆ. ಎರಡನೇ ವೋಟು ಅಕ್ಕನಿಗೇ ಹಾಕಿದ್ದರು! ಬೇಜಾರೇನೂ ಆಗಲಿಲ್ಲ. ಅವರು ಬಂದು ಕೇಳಿದ್ದರು, ನಾನು ಅವರ ಬೀದಿಯಲ್ಲಿ ಯಾರನ್ನೂ ಕೇಳಿರಲಿಲ್ಲ.

ಅದಕ್ಕಿಂತ ಜಾಸ್ತಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಸೀಲಿನ ವಿಷಯ. ಅಕ್ಕ ಮಾದರಿ ಮತಪತ್ರ ಹಿಡಿದು ವಯಸ್ಸಾದವರ ಮನೆಗೆ ಹೋಗಿದ್ದರು. ಬಾಟಲಿ ಮುಚ್ಚಳಕ್ಕೆ ಕುಂಕುಮದ ನೀರು ಸವರಿ, ಅವರ ಕೈಯಲ್ಲೇ ಚಿಹ್ನೆ ಮೇಲೆ ಒತ್ತಿಸಿದ್ದರು. ಹೇಗೆ ಮಡಚಬೇಕು ಅಂತಲೂ ತೋರಿಸಿದ್ದರು. ನಾನು ಆ ಮನೆಗಳಿಗೆ ಹೋಗಿ ಕೈ ಮುಗಿದು ಬಂದಿದ್ದೆ ಅಷ್ಟೇ.

2020ರ ಚುನಾವಣೆಗೆ ಒಂದು ವರ್ಷ ಮೊದಲೇ ಪಟ್ಟಿ ಹಿಡಿದೆ. ಮೊದಲು 'ಅವರೋರು' ಬೀದಿಗೇ ಹೋದೆ. ಮೊದಲ ದಿನ ಒಬ್ಬರೂ ಕೂತ್ಕೋ ಅನ್ನಲಿಲ್ಲ. ಆದರೂ ಹೋಗುತ್ತಲೇ ಇದ್ದೆ, ಹೇಳಿದ್ದನ್ನು ಅವರೆದುರೇ ಬರೆದುಕೊಂಡೆ, ಆಗಲ್ಲ ಅನ್ನುವುದನ್ನು ಆಗಲ್ಲ ಅಂತಲೇ ಹೇಳಿದೆ. ಹದಿನೆಂಟು ತುಂಬಿದವರಿಗೆ ಹೆಸರು ಸೇರಿಸೋ ಅರ್ಜಿ ತುಂಬಿಸಿಕೊಟ್ಟೆ. ಆ ಸಲ ಬೀದರ್ ಜಿಲ್ಲೆಯೊಂದರಲ್ಲಿ ಮಾತ್ರ ಮತಯಂತ್ರ, ನಮಗೆಲ್ಲ ಬ್ಯಾಲೆಟ್ ಪೇಪರೇ. ಹಾಗಾಗಿ ಬಾಟಲಿ ಮುಚ್ಚಳ, ಕುಂಕುಮದ ನೀರು ನನ್ನ ಚೀಲಕ್ಕೂ ಬಂತು. ಮತದಾನದ ದಿನ ಮಧ್ಯಾಹ್ನಕ್ಕೆ ಯಾರು ಇನ್ನೂ ಬಂದಿಲ್ಲ ಅಂತ ಪಟ್ಟಿ ನೋಡಿ ಹುಡುಗರನ್ನು ಮನೆಗೆ ಕಳಿಸಿದೆ. ಇದೂ ಅಕ್ಕನ ಲೆಕ್ಕಾಚಾರವೇ.

ಡಿಸೆಂಬರ್ 30ರ ಎಣಿಕೆಯಲ್ಲಿ ನಮ್ಮ ವಾರ್ಡಿನ ಕುಲಗೆಟ್ಟ ವೋಟು 6. ಅಕ್ಕನೂ ಗೆದ್ದರು, ನಾನೂ ಗೆದ್ದೆ.

ಮೊದಲ ವಾರ್ಡ್ ಸಭೆಗೆ ಅಕ್ಕ ಜನ ಹೇಳಿದ್ದನ್ನು ಬರೆದುಕೊಂಡ ಪುಸ್ತಕ ತಂದಿದ್ದರು, ನಾನು ನನ್ನದು. ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಅಂದರೆ ಕ್ರಿಯಾಯೋಜನೆಗೆ, ಏನು ಬರೆಸೋಣ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಇಬ್ಬರ ಪಟ್ಟಿಯಲ್ಲೂ ಮೊದಲು ಇದ್ದದ್ದು ಅಂಗನವಾಡಿ ಮುಂದಿನ ಚರಂಡಿ. ಅದನ್ನೇ ಮೊದಲು ಬರೆಸಿದೆವು.