ಈಜಿದ ಮೇಲಿನ ತುರಿಕೆ ಹೀಗೆ ತಗ್ಗಿತು

ಮಂಗಳೂರಿನ ಸೆಕೆಗೆ ಈಜುಕೊಳ ಬೇಕೇ ಬೇಕು. ಆದರೆ ಈಜಿ ಬಂದರೆ ನನ್ನ ಕುತ್ತಿಗೆ, ಮೊಣಕೈ ಸಂದು ಕೆಂಪಾಗಿ ತುರಿಸುತ್ತಿತ್ತು. ಚರ್ಮದ ಡಾಕ್ಟರು ನೋಡಿ, ಇದು ಅಲರ್ಜಿ ಅಲ್ಲ, ಚರ್ಮ ಒಣಗಿ ಕೆರಳಿದ್ದು ಎಂದರು. ಕೊಳದ ನೀರು ಶುದ್ಧವಾಗಿರಲೆಂದು ಹಾಕುವ ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದರೆ ಕ್ಲೋರಮೈನ್ ಎಂಬ ರಾಸಾಯನಿಕ ಆಗುತ್ತದೆ. ಕಾಟ ಜಾಸ್ತಿ ಅದರದ್ದೇ. ಮೂಗಿಗೆ ಹೊಡೆಯುವ ‘ಕ್ಲೋರಿನ್ ವಾಸನೆ’ಯೂ ಅದೇ, ನೀರು ಶುದ್ಧವಾಗಿದೆ ಎಂಬ ಗುರುತಲ್ಲ!

ಈಗ ಇಳಿಯುವ ಮೊದಲೇ ಶವರ್‌ನಲ್ಲಿ ಚೆನ್ನಾಗಿ ನೆನೆಯುತ್ತೇನೆ. ಮೈಯ ಬೆವರು ಮೊದಲೇ ತೊಳೆದು ಹೋದರೆ ಕೊಳದಲ್ಲಿ ಕ್ಲೋರಮೈನ್ ಆಗುವುದೂ ಕಡಿಮೆ. ತುರಿಸುವ ಜಾಗಕ್ಕಷ್ಟೇ ತೆಳ್ಳಗೆ ವ್ಯಾಸಲೀನ್. (ಮೈಗೆಲ್ಲ ತೆಂಗಿನೆಣ್ಣೆ ಬಳಿದು ಇಳಿದರೆ ನೀರೆಲ್ಲ ಜಿಡ್ಡು, ಅಲ್ವಾ?) ಮೇಲೆ ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನ ಸ್ನಾನ, ಮೈ ತೇವ ಇರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರ್. ತುರಿಕೆ ಬಹುತೇಕ ನಿಂತಿದೆ. ಮೈಯೆಲ್ಲ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ ಸುಮ್ನೆ ಕ್ರೀಮ್ ಹಚ್ಚುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.