ಡಿಸ್ಕ್ ಬರೆಯಲು ನಿರಾಕರಿಸಿದಾಗ ಬಿಟಿಆರ್‌ಎಫ್‌ಎಸ್ ಏನು ಮಾಡುತ್ತದೆ: ಪರೀಕ್ಷಿಸುವ ಬಗೆ

ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್‌ನಂಥ (Btrfs) ಕಾಪಿ-ಆನ್-ರೈಟ್ ಫೈಲ್‌ಸಿಸ್ಟಂ ಹಳೆಯ ಬ್ಲಾಕಿನ ಮೇಲೆ ಬರೆಯುವುದಿಲ್ಲ. ಹೊಸದನ್ನು ಖಾಲಿ ಜಾಗದಲ್ಲಿ ಬರೆದು, ಕೊನೆಗೆ ಸೂಪರ್‌ಬ್ಲಾಕನ್ನು (ಫೈಲ್‌ಸಿಸ್ಟಂನ ಮೂಲ ದಾಖಲೆ) ಹೊಸ ಮರದತ್ತ ತಿರುಗಿಸುತ್ತದೆ. ಪರೀಕ್ಷೆ ಮಾಡುವವರು ಮೊದಲು ಎಡವುವುದು ಇಲ್ಲೇ. ಒಂದು ಫೈಲಿನ ಈಗಿನ ಬ್ಲಾಕುಗಳನ್ನು ಹುಡುಕಿ, ಅವನ್ನು ಕೆಟ್ಟ ಸೆಕ್ಟರ್ ಎಂದು ಗುರುತಿಸಿ, ನಂತರ ಫೈಲನ್ನು ತಿದ್ದಿದರೆ ಯಾವ ದೋಷವೂ ಕಾಣಿಸುವುದಿಲ್ಲ, ಏಕೆಂದರೆ ಹೊಸ ಡೇಟಾ ಆ ಜಾಗಕ್ಕೆ ಹೋಗುವುದೇ ಇಲ್ಲ. ಸಾಲದ್ದಕ್ಕೆ, ಫೈಲಿನ ತುಣುಕುಗಳು ಎಲ್ಲಿವೆ ಎಂದು ಹೇಳುವ ಉಪಕರಣ ಫೈಲ್‌ಫ್ರ್ಯಾಗ್ ತೋರಿಸುವುದು ಬಿಟಿಆರ್‌ಎಫ್‌ಎಸ್‌ನ ಒಳಗಿನ ತಾರ್ಕಿಕ ವಿಳಾಸವನ್ನು, ಡಿಸ್ಕಿನ ಭೌತಿಕ ವಿಳಾಸವನ್ನಲ್ಲ. ಆದ್ದರಿಂದ ದೋಷವನ್ನು ಇಡೀ ಸಾಧನಕ್ಕೆ ಹಾಕಿ, ಅದು ಯಾವ ಗಳಿಗೆಯಲ್ಲಿ ಶುರುವಾಗಬೇಕು ಎಂಬುದನ್ನು ನೀವೇ ನಿಯಂತ್ರಿಸಿ.

ಪ್ರತಿ ಪ್ರಯೋಗದಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಬರೆಯಲು ಕೇಳಿದ ಪ್ರೋಗ್ರಾಂಗೆ ದೋಷ ತಿಳಿಯಿತೇ? ಹಳೆಯ ಆವೃತ್ತಿ ಹಾಗೇ ಉಳಿಯಿತೇ? ಮುಂದುವರಿಯಬಾರದ ಕಡೆ ಫೈಲ್‌ಸಿಸ್ಟಂ ನಿಂತಿತೇ?

ನಿಜವಾದ ಡಿಸ್ಕನ್ನು ಇದಕ್ಕೆ ಬಳಸಬೇಡಿ. ಟ್ರಂಕೇಟ್‌ನಿಂದ 2 ಜಿಬಿ ಫೈಲ್ ಮಾಡಿ, ಲೋಸೆಟಪ್‌ನಿಂದ ಲೂಪ್ ಸಾಧನವಾಗಿಸಿ, ಅದರ ಮೇಲೆ ಡಿಎಂಸೆಟಪ್‌ನಿಂದ ಒಂದು ಲೀನಿಯರ್ ಪದರ (ಬಂದದ್ದನ್ನು ಹಾಗೇ ಕೆಳಗೆ ದಾಟಿಸುವ ಕಾಲ್ಪನಿಕ ಸಾಧನ) ಹಾಸಿ. ಆ ಪದರ ಹೇಗೆ ನಡೆಯಬೇಕು ಎಂದು ಹೇಳುವ ಸಾಲೇ ಟೇಬಲ್. ಟೇಬಲ್‌ನ ಲೆಕ್ಕ 512 ಬೈಟಿನ ಸೆಕ್ಟರ್‌ಗಳಲ್ಲಿ ಇರುತ್ತದೆ: 2 ಜಿಬಿಗೆ 4194304. ಟೇಬಲ್ ಹೀಗಿರಲಿ: 0, 4194304, ಲೀನಿಯರ್, ಲೂಪ್ ಸಾಧನದ ಹೆಸರು, 0. ಇನ್ನು ಮುಂದೆ ಎಲ್ಲ ಕೆಲಸವೂ ಮ್ಯಾಪರ್ ಹೆಸರಿನಲ್ಲೇ (ಆ ಪದರದ ಹೆಸರಿನಲ್ಲೇ) ನಡೆಯಲಿ. ಫೈಲ್‌ಸಿಸ್ಟಂ ಸೃಷ್ಟಿಸುವಾಗ ಮೆಟಾಡೇಟಾಗೆ (ಫೈಲುಗಳ ಬಗೆಗಿನ ಲೆಕ್ಕಪತ್ರ) ಡಪ್ (ಎರಡು ಪ್ರತಿ), ಡೇಟಾಗೆ ಸಿಂಗಲ್ (ಒಂದೇ ಪ್ರತಿ) ಎಂದು ಬಾಯಿಬಿಟ್ಟು ಹೇಳಿ. ಉಪಕರಣದ ಆವೃತ್ತಿಗೆ ತಕ್ಕಂತೆ ಪೂರ್ವನಿಯೋಜಿತ ಆಯ್ಕೆ ಬದಲಾಗುತ್ತದೆ. ಮೌಂಟ್ ಮಾಡುವಾಗ ಕಮಿಟ್ ಅವಧಿಯನ್ನು (ಬಾಕಿ ಬದಲಾವಣೆಗಳನ್ನು ತಾನಾಗಿ ಡಿಸ್ಕಿಗೆ ಖಾಯಂ ಮಾಡುವ ಅಂತರ) 300 ಸೆಕೆಂಡಿಗೆ ಏರಿಸಿ. ಸಾಮಾನ್ಯ ಅವಧಿ 30 ಸೆಕೆಂಡ್. ಅಷ್ಟರಲ್ಲಿ ಹಿನ್ನೆಲೆಯ ಕಮಿಟ್ ನಡುವೆ ನುಗ್ಗಿದರೆ ಬಿದ್ದದ್ದು ಡೇಟಾವೋ ಮೆಟಾಡೇಟಾವೋ ಎಂದು ಹೇಳಲಾಗುವುದಿಲ್ಲ.

ದೋಷ ಹುಟ್ಟಿಸಲು ಎರರ್ ಟಾರ್ಗೆಟ್‌ಗಿಂತ ಫ್ಲೇಕಿ ಟಾರ್ಗೆಟ್ ಒಳ್ಳೆಯದು. ಎರರ್ ಓದುವುದನ್ನೂ ಕೆಡಿಸುತ್ತದೆ, ಫಲಿತಾಂಶ ಕಲಸಿಹೋಗುತ್ತದೆ. ಫ್ಲೇಕಿಯ ಟೇಬಲ್: 0, 4194304, ಫ್ಲೇಕಿ, ಲೂಪ್ ಸಾಧನ, 0, ಆಮೇಲೆ 0, 180, 1, ಕೊನೆಗೆ ಎರರ್_ರೈಟ್ಸ್. ಸರಿಯಿರುವ ಅವಧಿ 0 ಸೆಕೆಂಡ್, ಕೆಟ್ಟ ಅವಧಿ 180, ಒಂದು ವಿಶೇಷ ಗುಣ ಎಂದು ಇದರ ಅರ್ಥ. ಸರಿಯಿರುವ ಅವಧಿಯೇ ಇಲ್ಲದ್ದರಿಂದ ಟೇಬಲ್ ಬದಲಿಸುವವರೆಗೆ ಪ್ರತಿ ಬರೆಯುವಿಕೆಯೂ ದೋಷ ಹಿಂತಿರುಗಿಸುತ್ತದೆ, ಓದುವುದು ಮಾತ್ರ ನಡೆಯುತ್ತದೆ.

ಟೇಬಲ್ ಬದಲಿಸುವ ಕ್ರಮ ಸಸ್ಪೆಂಡ್, ಲೋಡ್, ರೆಸ್ಯೂಮ್. ಸಸ್ಪೆಂಡ್‌ಗೆ ನೋಲಾಕ್‌ಎಫ್‌ಎಸ್ ಆಯ್ಕೆಯನ್ನು ತಪ್ಪದೆ ಕೊಡಿ. ಕೊಡದಿದ್ದರೆ ಕರ್ನಲ್ ಮೊದಲು ಫೈಲ್‌ಸಿಸ್ಟಂ ಅನ್ನು ಫ್ರೀಜ್ ಮಾಡುತ್ತದೆ, ಮೆಮೊರಿಯಲ್ಲಿ ಕಾದಿದ್ದ ಕೊಳಕು ಪುಟಗಳೆಲ್ಲ ದೋಷ ಬರುವ ಮೊದಲೇ ಸುರಕ್ಷಿತವಾಗಿ ಡಿಸ್ಕ್ ಸೇರುತ್ತವೆ. ಪರೀಕ್ಷೆ ಪಾಸಾದಂತೆ ಕಾಣುತ್ತದೆ, ಆದರೆ ಪರೀಕ್ಷೆಯೇ ನಡೆದಿರುವುದಿಲ್ಲ.

ಮೊದಲು ಡೇಟಾ. ಯೂರ್ಯಾಂಡಮ್‌ನಿಂದ 8 ಎಂಬಿ ಯಾದೃಚ್ಛಿಕ ಡೇಟಾದ ಫೈಲ್ ಬರೆದು, ಸಿಂಕ್ ಮಾಡಿ (ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸಿ), ಅದರ ಎಸ್‌ಎಚ್‌ಎ256 ಮೊತ್ತ (ಫೈಲಿನ ವಿಷಯದಿಂದ ಲೆಕ್ಕ ಹಾಕುವ ಗುರುತು) ಬರೆದಿಟ್ಟುಕೊಳ್ಳಿ. ಸುಮಾರು 2048 ಬೈಟ್‌ವರೆಗಿನ ಫೈಲುಗಳು ಮೆಟಾಡೇಟಾ ಮರದ ಒಳಗೇ ಕೂರುತ್ತವೆ. ಸಣ್ಣ ಫೈಲ್ ಇಟ್ಟುಕೊಂಡು ಡೇಟಾ ಪರೀಕ್ಷಿಸಿದೆವು ಎಂದುಕೊಂಡರೆ ಪರೀಕ್ಷಿಸಿದ್ದು ಬೇರೆಯದನ್ನು. ಈಗ ಫ್ಲೇಕಿಗೆ ಬದಲಿಸಿ, ಡಿಡಿ ಎಂಬ ನಕಲು ಆದೇಶದಿಂದ ಅದೇ ಫೈಲನ್ನು ನೋಟ್ರಂಕ್ ಮತ್ತು ಎಫ್‌ಸಿಂಕ್ ಎರಡೂ ಹಾಕಿ ತಿದ್ದಿ. ನೋಟ್ರಂಕ್ ಮರೆತರೆ ಡಿಡಿ ಮೊದಲು ಫೈಲನ್ನು ಶೂನ್ಯಕ್ಕೆ ಇಳಿಸುತ್ತದೆ, ಆಗ ಹಳೆಯ ಆವೃತ್ತಿ ಉಳಿಯಿತೇ ಎಂಬ ಪ್ರಶ್ನೆಗೇ ಅರ್ಥವಿರುವುದಿಲ್ಲ. ಎಫ್‌ಸಿಂಕ್ ಮರೆತರೆ ಬರೆದದ್ದು ಪೇಜ್ ಕ್ಯಾಶೆಯಲ್ಲೇ (ಮೆಮೊರಿಯಲ್ಲೇ) ನಿಂತು ಡಿಡಿ ಯಶಸ್ಸು ಎಂದು ಮುಗಿಯುತ್ತದೆ. ಸರಿಯಾಗಿ ನಡೆದರೆ ಡಿಡಿ ಇನ್‌ಪುಟ್/ಔಟ್‌ಪುಟ್ ಎರರ್ ಕೊಟ್ಟು ನಿಲ್ಲಬೇಕು. ತಡಮಾಡದೆ ಲೀನಿಯರ್‌ಗೆ ಮರಳಿ, ಡ್ರಾಪ್_ಕ್ಯಾಶಸ್‌ಗೆ 3 ಬರೆದು ಕ್ಯಾಶೆ ಖಾಲಿ ಮಾಡಿ, ಮತ್ತೆ ಎಸ್‌ಎಚ್‌ಎ256 ತೆಗೆಯಿರಿ. ಹಳೆಯ ಮೊತ್ತವೇ ಬರಬೇಕು. ಅರ್ಧ ಹಳೆಯದು ಅರ್ಧ ಹೊಸದು ಬಂದರೆ, ಫೈಲಿಗೆ ನೋಡೇಟಾಕೌ ಗುಣ (ಕಾಪಿ-ಆನ್-ರೈಟ್ ಬಿಟ್ಟು ಹಳೆಯ ಜಾಗದಲ್ಲೇ ಬರೆಯುವುದು) ಅಂಟಿದೆಯೇ ಎಂದು ಎಲ್‌ಎಸ್‌ಅಟ್ರ್‌ನಲ್ಲಿ ಮೊದಲು ನೋಡಿ.

ಎಫ್‌ಸಿಂಕ್ ವಿಫಲವಾದ ಮೇಲೆ ಅದನ್ನೇ ಮತ್ತೊಮ್ಮೆ ಕರೆದು ಯಶಸ್ಸು ಬಂತೆಂದು ನಂಬಬೇಡಿ. ಒಂದು ಫೈಲ್ ಡಿಸ್ಕ್ರಿಪ್ಟರ್‌ಗೆ (ತೆರೆದ ಫೈಲಿನ ಹಿಡಿಕೆಗೆ) ಆ ದೋಷ ಒಮ್ಮೆ ಮಾತ್ರ ವರದಿಯಾಗುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಬಳಗ ಕಲಿತ ಪಾಠ ಇದೇ. ನಿಮ್ಮ ಪ್ರೋಗ್ರಾಂ ಪರೀಕ್ಷಿಸುತ್ತಿದ್ದರೆ ಎರಡನೇ ಕರೆಯನ್ನೂ ಪ್ರಯೋಗದಲ್ಲಿ ಸೇರಿಸಿ, ಅದರ ನಂತರ ಡಿಸ್ಕಿನಲ್ಲಿ ಏನಿದೆ ಎಂದು ಓದಿ ನೋಡಿ.

ಮೆಟಾಡೇಟಾ ಪರೀಕ್ಷೆ ಚಿಕ್ಕದು. ಫ್ಲೇಕಿ ಇರುವಾಗ ಕೆಲವು ಖಾಲಿ ಫೈಲ್ ಸೃಷ್ಟಿಸಿ ಸಿಂಕ್ ಮಾಡಿ. ಡಪ್‌ನ ಎರಡೂ ಪ್ರತಿ ಒಂದೇ ಸಾಧನದಲ್ಲಿವೆ, ಎರಡೂ ಬೀಳುತ್ತವೆ. ಟ್ರಾನ್ಸಾಕ್ಷನ್ (ಒಟ್ಟಿಗೆ ಖಾಯಂ ಆಗಬೇಕಿದ್ದ ಬದಲಾವಣೆಗಳ ಕಂತು) ಅಬಾರ್ಟ್ ಆಗಿ, ಕರ್ನಲ್ ಲಾಗ್‌ನಲ್ಲಿ ದೋಷಸಂಖ್ಯೆ -5 (ಇನ್‌ಪುಟ್/ಔಟ್‌ಪುಟ್ ಎರರ್) ಮತ್ತು ಫೋರ್ಸ್ಡ್ ರೀಡ್‌ಓನ್ಲಿ ಎಂಬ ಮಾತು ಕಾಣಬೇಕು. ಇದು ಸೋಲಲ್ಲ, ಸರಿಯಾದ ನಡವಳಿಕೆ ಇದೇ. ಅನ್‌ಮೌಂಟ್ ಮಾಡಿ, ಲೀನಿಯರ್‌ಗೆ ಮರಳಿ, ಬಿಟಿಆರ್‌ಎಫ್‌ಎಸ್ ಚೆಕ್ ಅನ್ನು ಓದುವ ಸ್ಥಿತಿಯಲ್ಲಿ ಮಾತ್ರ ಓಡಿಸಿ. ದೋಷವಿರಬಾರದು. ಮತ್ತೆ ಮೌಂಟ್ ಮಾಡಿದಾಗ ಕೊನೆಯ ಯಶಸ್ವಿ ಕಮಿಟ್‌ವರೆಗಿನದು ಸಿಗಬೇಕು, ಹೊಸ ಖಾಲಿ ಫೈಲುಗಳು ಇರಬಾರದು.

ಹೆಚ್ಚು ಕಲಿಸುವುದು ಎರಡು ಸಾಧನಗಳ ರೇಡ್1 (ಪ್ರತಿ ಸಾಧನದಲ್ಲೂ ಒಂದೊಂದು ಪ್ರತಿ). ಡೇಟಾ, ಮೆಟಾಡೇಟಾ ಎರಡನ್ನೂ ರೇಡ್1 ಮಾಡಿ, ಫೈಲ್‌ಸಿಸ್ಟಂ ಶೋ ಲೂಪ್ ಹೆಸರುಗಳನ್ನಲ್ಲ, ಮ್ಯಾಪರ್ ಹೆಸರುಗಳನ್ನೇ ತೋರಿಸುತ್ತಿದೆ ಎಂದು ಖಚಿತಪಡಿಸಿಕೊಳ್ಳಿ. ಎರಡನೆಯದನ್ನು ಮಾತ್ರ ಫ್ಲೇಕಿಗೆ ತಿರುಗಿಸಿ 200 ಎಂಬಿ ಬರೆಯಿರಿ. ಈ ಸಲ ಸಿಂಕ್ ಯಶಸ್ವಿಯಾಗುತ್ತದೆ, ಪ್ರೋಗ್ರಾಂಗೆ ಏನೂ ತಿಳಿಯುವುದಿಲ್ಲ. ಡಿವೈಸ್ ಸ್ಟ್ಯಾಟ್ಸ್‌ನಲ್ಲಿ ಎರಡನೇ ಸಾಧನದ ರೈಟ್_ಐಒ_ಎರ್ಸ್ ಏರಿರುತ್ತದೆ, ಅಷ್ಟೇ. ಆ ಸಾಧನವನ್ನು ಗುಂಪಿನಿಂದ ತಾನಾಗಿ ಹೊರಹಾಕುವುದಿಲ್ಲ ಎಂಬುದನ್ನು ಗಮನಿಸಿ. ಈ ಎಣಿಕೆಯನ್ನು ಯಾರೂ ನೋಡದಿದ್ದರೆ ತಿಂಗಳುಗಟ್ಟಲೆ ಒಂದೇ ಪ್ರತಿಯ ಮೇಲೆ ಬದುಕುತ್ತಿರುತ್ತೀರಿ. ಲೀನಿಯರ್‌ಗೆ ಮರಳಿದ ಮೇಲೆ ಸ್ಕ್ರಬ್ (ಎಲ್ಲ ಪ್ರತಿಗಳನ್ನೂ ಓದಿ ತಾಳೆ ನೋಡುವ ಕೆಲಸ) ಓಡಿಸಿ: ಎರಡನೇ ಸಾಧನದ ಹಳಸಿದ ಬ್ಲಾಕುಗಳು ಚೆಕ್‌ಸಮ್‌ಗೆ ಹೊಂದದೆ ಸಿಕ್ಕಿಬೀಳುತ್ತವೆ, ಒಳ್ಳೆಯ ಪ್ರತಿಯಿಂದ ಸರಿಯಾಗುತ್ತವೆ.

ಇದೇ ಪ್ರಯೋಗವನ್ನು ನೋಡೇಟಾಕೌ ಫೈಲಿನ ಮೇಲೂ ಮಾಡಿ, ಬಿಡಬೇಡಿ. ಖಾಲಿ ಫೈಲಿಗೆ chattr +C ಹಾಕಿ (ಡೇಟಾ ತುಂಬಿದ ಮೇಲೆ ಹಾಕಿದರೆ ನೆಚ್ಚಲಾಗದು), ಹಳೆಯ ವಿಷಯ ಬರೆದು ಸಿಂಕ್ ಮಾಡಿ, ಎರಡನೇ ಸಾಧನ ಕೆಟ್ಟಿರುವಾಗ ಹೊಸ ವಿಷಯ ಬರೆಯಿರಿ. ಸರಿಪಡಿಸಿದ ಮೇಲೆ ಪ್ರತಿ ಸಲ ಕ್ಯಾಶೆ ಖಾಲಿ ಮಾಡಿ, ಹತ್ತು ಸಲ ಬೇರೆ ಬೇರೆ ಪ್ರಕ್ರಿಯೆಯಿಂದ ಓದಿ. ಯಾವ ಪ್ರತಿಯಿಂದ ಓದಬೇಕೆಂಬುದನ್ನು ಸಾಮಾನ್ಯವಾಗಿ ಪ್ರಕ್ರಿಯೆಯ ಸಂಖ್ಯೆ ನಿರ್ಧರಿಸುತ್ತದೆ. ಹೀಗಾಗಿ ಒಮ್ಮೆ ಹೊಸದು, ಒಮ್ಮೆ ಹಳೆಯದು ಬರುತ್ತದೆ. ಈ ಫೈಲಿಗೆ ಚೆಕ್‌ಸಮ್ ಇಲ್ಲ, ಸ್ಕ್ರಬ್‌ಗೂ ವ್ಯತ್ಯಾಸ ಕಾಣುವುದಿಲ್ಲ. ವರ್ಚುವಲ್ ಯಂತ್ರದ ಇಮೇಜ್, ಡೇಟಾಬೇಸ್ ಫೈಲುಗಳಿಗೆ ವೇಗಕ್ಕೆಂದು ಈ ಗುಣ ಹಾಕುವವರು ಇದನ್ನು ಕಣ್ಣಾರೆ ನೋಡಲೇಬೇಕು. ಹೀಗಾದಾಗ ನೆಚ್ಚಬಹುದಾದ ದಾರಿ: ಹಳಸಿದ ಸಾಧನವನ್ನು ತೆಗೆದು, ಡಿಗ್ರೇಡೆಡ್ ಆಗಿ (ಒಂದು ಸಾಧನ ಇಲ್ಲದೆಯೇ) ಮೌಂಟ್ ಮಾಡಿ, ಖಾಲಿ ಸಾಧನದಿಂದ ರಿಪ್ಲೇಸ್ ಮಾಡುವುದು. ತೆಗೆದದ್ದನ್ನೇ ಮರಳಿ ಬಳಸುವುದಾದರೆ ಮೊದಲು ವೈಪ್‌ಎಫ್‌ಎಸ್‌ನಿಂದ ಅದರ ಗುರುತು ಅಳಿಸಿ.

ಇನ್ನೊಂದು ಬಗೆಯ ಡಿಸ್ಕ್ ಇದೆ: ಬರೆದೆ ಎಂದು ಹೇಳಿ ಬರೆಯದಿರುವುದು. ಅದಕ್ಕೆ ಎರರ್_ರೈಟ್ಸ್ ಬದಲು ಡ್ರಾಪ್_ರೈಟ್ಸ್ ಹಾಕಿ. ಇಲ್ಲಿ ದೋಷವೇ ವರದಿಯಾಗದು. ಕೆಲವು ಕಮಿಟ್‌ಗಳು ಕಳೆದುಹೋಗಿ ನಂತರದವು ಮಾತ್ರ ಡಿಸ್ಕ್ ಸೇರಿದರೆ ಪೇರೆಂಟ್ ಟ್ರಾನ್ಸಿಡ್ ವೆರಿಫೈ ಫೇಲ್ಡ್ (ಮರದ ಬ್ಲಾಕಿನ ಟ್ರಾನ್ಸಾಕ್ಷನ್ ಸಂಖ್ಯೆ ಹೊಂದುತ್ತಿಲ್ಲ) ಎಂಬ ಸಂದೇಶದೊಂದಿಗೆ ಮೌಂಟ್ ಆಗದಿರಬಹುದು. ಫೈಲ್‌ಸಿಸ್ಟಂನ ತಪ್ಪೆಂದು ಇದನ್ನು ಬರೆದಿಡಬೇಡಿ, ತಪ್ಪು ಸುಳ್ಳು ಹೇಳಿದ ಡಿಸ್ಕಿನದು.

ಒಂದು ಪ್ರಯೋಗದಿಂದ ಇನ್ನೊಂದಕ್ಕೆ ಹೋಗುವಾಗ ಡಿವೈಸ್ ಸ್ಟ್ಯಾಟ್ಸ್ ಅನ್ನು -ಝಡ್ ಆಯ್ಕೆಯಿಂದ ಶೂನ್ಯಕ್ಕೆ ತನ್ನಿ. ಆ ಎಣಿಕೆಗಳು ಮತ್ತೆ ಮೌಂಟ್ ಮಾಡಿದರೂ ಅಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಮೊದಲು ಅನ್‌ಮೌಂಟ್, ನಂತರ ಡಿಎಂಸೆಟಪ್ ರಿಮೂವ್, ಕೊನೆಗೆ ಲೂಪ್ ಸಾಧನ ಬಿಡಿಸಿ. ಫ್ಲೇಕಿ ಟೇಬಲ್ ಇರುವಾಗಲೇ ಅನ್‌ಮೌಂಟ್ ಮಾಡಿದರೆ ಬಾಕಿ ಬರಹಗಳೆಲ್ಲ ಬಿದ್ದುಹೋಗುತ್ತವೆ, ಬೇಕೆಂದೇ ಮಾಡುವುದಾದರೆ ಮಾತ್ರ ಹಾಗೆ ಮಾಡಿ.