ಪ್ಲಗ್ ಹಾಕಿದ್ರೂ ಎಂಜಿನ್ ಬಿಸಿಯಾಗ್ತಿರಲಿಲ್ಲ

ಕೆನಡಾದ ಎಡ್ಮಂಟನ್‌ನಲ್ಲಿ ಜನವರಿಯಲ್ಲಿ ಮೈನಸ್ 30 ಡಿಗ್ರಿ ಹೊಸದೇನಲ್ಲ. ಇಲ್ಲಿ ಪೆಟ್ರೋಲ್ ಕಾರಿನ ಮೂತಿಯಲ್ಲೂ ಕರೆಂಟ್ ಪ್ಲಗ್ ನೇತಾಡುತ್ತಿರುತ್ತದೆ, ಊರಿಂದ ಬಂದವರು ನೋಡಿ ನಗುತ್ತಾರೆ. ಅದು ಬ್ಲಾಕ್ ಹೀಟರ್‌ದು. ಎಂಜಿನ್ ಒಳಗಿನ ಕೂಲಂಟ್ (ಓಡುವಾಗ ಎಂಜಿನ್ ತಣ್ಣಗಿಡುವ ದ್ರವ) ಬಿಸಿ ಮಾಡುತ್ತದೆ. ಚಳಿಗೆ ಆಯಿಲ್ ಮಂದವಾಗಿ, ಬ್ಯಾಟರಿ ಶಕ್ತಿಯೂ ಕುಗ್ಗಿರುವಾಗ ಇದಿಲ್ಲದೆ ಸ್ಟಾರ್ಟ್ ಮಾಡೋದು ಕಷ್ಟ.

ನನ್ನ ಕಾರು ರಾತ್ರಿಯಿಡೀ ಪ್ಲಗ್‌ನಲ್ಲಿದ್ದರೂ ಬೆಳಿಗ್ಗೆ ನರಳುತ್ತಿತ್ತು. ಬ್ಯಾಟರಿ ಚೆಕ್ ಮಾಡಿಸಿದೆ, ಚೆನ್ನಾಗಿತ್ತು. ಸಾಕೆಟ್‌ಗೆ ದೀಪ ಹಾಕಿ ನೋಡಿದೆ, ಉರಿಯಿತು. ಆಮೇಲೆ ಪ್ಲಗ್ ಕಿತ್ತು, ಅದರ ಎರಡು ಚಪ್ಪಟೆ ಪಿನ್‌ಗಳಿಗೆ ಮಲ್ಟಿಮೀಟರ್ ಇಟ್ಟು ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ತಡೆ) ಅಳೆದೆ. ಇಲ್ಲಿನ 120 ವೋಲ್ಟ್‌ಗೆ 400 ವ್ಯಾಟ್ ಹೀಟರ್ ಅಂದ್ರೆ ಸುಮಾರು 36 ಓಮ್ ಬರಬೇಕು ಅಲ್ವಾ, ಮೀಟರ್ ಅಲುಗಲೇ ಇಲ್ಲ, ಅಂದ್ರೆ ವೈರ್‌ನಲ್ಲೋ ಹೀಟರ್‌ನಲ್ಲೋ ಎಲ್ಲೋ ತುಂಡಾಗಿದೆ. ಹೀಟರ್ ಸುಟ್ಟಿದೆ ಅಂತ ಹೊಸದು ಹಾಕಿಸಿದ್ರೆ ಕೂಲಂಟ್ ಇಳಿಸಬೇಕು, ಖರ್ಚು ಜಾಸ್ತಿ. ಅದಕ್ಕೇ ಬಾನೆಟ್ ಎತ್ತಿ, ವೈರನ್ನು ಹೀಟರ್‌ನಿಂದ ಬಿಡಿಸಿ, ನೇರವಾಗಿ ಹೀಟರ್ ಪಿನ್‌ನಲ್ಲೇ ಅಳೆದೆ: 36ರ ಆಸುಪಾಸು! ವೈರ್ ಒಳಗೇ ತುಂಡಾಗಿತ್ತು. ವೈರ್ ಮಾತ್ರ ಬದಲಿಸಿದೆ, ಕೆಲಸ ಮುಗೀತು.

ಈಗ ಹೊರಾಂಗಣದ ಟೈಮರ್ ಹಾಕಿದ್ದೇನೆ, ಹೊರಡುವ ಮೂರು ಗಂಟೆ ಮೊದಲು ಆನ್ ಆಗುತ್ತದೆ. ರಾತ್ರಿಯಿಡೀ ಬಿಟ್ಟರೆ ಸುಮ್ನೆ ಕರೆಂಟ್ ದಂಡ.